ಜಿಮ್ ಮಗಿನ್ನಿಸ್ ಕಟ್ಟಿದ ಕೋಟೆ, ಅದರ ಕಿಂಡಿಗಳು

ಪ್ರಶ್ನೆ: ನಾವು ಐರ್ಲೆಂಡಿನ ಡೊನಿಗಾಲ್ ಕೌಂಟಿಯ ಲೆಟರ್‌ಕೆನ್ನಿಯಲ್ಲಿದ್ದೇವೆ. ಹನ್ನೊಂದು ವರ್ಷದ ಮಗ ಇಲ್ಲಿನ ಗೇಲಿಕ್ ಫುಟ್‌ಬಾಲ್ ಕ್ಲಬ್ ಸೇರಿದ್ದಾನೆ. ಮೈದಾನದ ಅಂಚಿನಲ್ಲಿ ನಿಂತವರ ಬಾಯಲ್ಲಿ ಜಿಮ್ ಮಗಿನ್ನಿಸ್ ಹೆಸರು ಬಾರದ ದಿನವಿಲ್ಲ. ಹೆಚ್ಚಿನವರು ಅವರನ್ನು ಕೊಂಡಾಡುತ್ತಾರೆ, ಆಟದ ಅಂದವನ್ನೇ ಕೆಡಿಸಿದರು ಎನ್ನುವವರೂ ಇದ್ದಾರೆ. ಆಟಗಾರರಾಗಿ ಅವರು ಅಂಥ ದೊಡ್ಡ ಹೆಸರಲ್ಲವಂತೆ. ಹಾಗಾದರೆ ಮ್ಯಾನೇಜರ್ ಆಗಿ ಅವರು ಮಾಡಿದ್ದಾದರೂ ಏನು? ಮಕ್ಕಳ ತಂಡವೂ ಅದೇ ರೀತಿ ಆಡುವುದು ಒಳ್ಳೆಯದೇ?

ಉತ್ತರ: ಮಗಿನ್ನಿಸ್ ತಮ್ಮ ತಂಡಕ್ಕೆ ರಕ್ಷಣೆ ಕಲಿಸಿದರು ಎಂಬುದು ಅರ್ಧ ಮಾತು. ಚೆಂಡನ್ನು ಎಲ್ಲಿ ಕಸಿದುಕೊಂಡರೆ ಎದುರಾಳಿಯ ಅಂಗಳ ಹೆಚ್ಚು ಖಾಲಿ ಇರುತ್ತದೆ ಎಂದು ಅವರು ಲೆಕ್ಕ ಹಾಕಿದರು. ರಕ್ಷಣೆ ಆ ಲೆಕ್ಕದ ಮೊದಲ ಸಾಲು ಅಷ್ಟೇ. ಎರಡನೆಯ ಸಾಲು 2011ರಲ್ಲಿ ಇನ್ನೂ ಸಿದ್ಧವಾಗಿರಲಿಲ್ಲ. ಆ ವರ್ಷದ ಒಂದೇ ಪಂದ್ಯ ನೋಡಿ ತೀರ್ಪು ಕೊಟ್ಟವರೇ ಇವತ್ತಿಗೂ ಅವರನ್ನು ದೂರುತ್ತಿರುವುದು.

ಲೆಕ್ಕ ಅರ್ಥವಾಗಲು ಆಟದ ನಾಲ್ಕು ನಿಯಮ ತಿಳಿದಿದ್ದರೆ ಸಾಕು. ತಂಡಕ್ಕೆ ಹದಿನೈದು ಜನ, ಹಿರಿಯರ ಕೌಂಟಿ ಪಂದ್ಯ 70 ನಿಮಿಷ, ಮೈದಾನದ ಉದ್ದ 130ರಿಂದ 145 ಮೀಟರ್. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೊಡೆದರೆ ಗೋಲ್, ಅದಕ್ಕೆ ಮೂರು ಪಾಯಿಂಟ್. ಎರಡು ಕಂಬಗಳ ನಡುವೆ ಪಟ್ಟಿಯ ಮೇಲಿಂದ ಹಾಯಿಸಿದರೆ ಒಂದು (ಇದರಲ್ಲಿ 2025ರಲ್ಲಾದ ಬದಲಾವಣೆ ಮುಂದೆ ಬರುತ್ತದೆ). 2-11 ಎಂದು ಬರೆದಿದ್ದರೆ ಎರಡು ಗೋಲ್, ಹನ್ನೊಂದು ಪಾಯಿಂಟ್, ಒಟ್ಟು 17. ಚೆಂಡು ಹಿಡಿದವನು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಅಷ್ಟರಲ್ಲಿ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳ ತುದಿಯಿಂದ ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ಇದನ್ನು ಸೋಲೋ ಎನ್ನುತ್ತಾರೆ. ಸತತ ಎರಡು ಸಲ ಪುಟಿಸುವಂತಿಲ್ಲ. ಕೈಯಿಂದ ಪಾಸ್ ಕೊಡುವಾಗ ಚೆಂಡನ್ನು ಎಸೆಯಬಾರದು, ಇನ್ನೊಂದು ಕೈಯಿಂದ ಹೊಡೆದು ಕಳಿಸಬೇಕು, ಆ ಹೊಡೆತ ರೆಫ್ರಿಯ ಕಣ್ಣಿಗೆ ಕಾಣಬೇಕು. ಮಗಿನ್ನಿಸ್ ಬಲೆ ಹೆಣೆದದ್ದು ಈ ನಾಲ್ಕು ಹೆಜ್ಜೆ ಮತ್ತು ಈ ಹೊಡೆತದ ನಿಯಮಗಳಿಂದಲೇ.

ಆಟಗಾರನ ವೃತ್ತಾಂತ ದೊಡ್ಡದಲ್ಲ. ಅವರು 1972ರಲ್ಲಿ ಗ್ಲೆಂಟೀಸ್ ಊರಿನಲ್ಲಿ ಹುಟ್ಟಿದರು. ಕ್ಲಬ್ ನೀವ್ ಕೊನಲ್. 1992ರಲ್ಲಿ ಬ್ರಯನ್ ಮಕೆನಿಫ್ ಮ್ಯಾನೇಜರ್ ಆಗಿದ್ದ ಡೊನಿಗಾಲ್ ತಂಡ ಡಬ್ಲಿನನ್ನು 0-18, 0-14ರಿಂದ ಸೋಲಿಸಿ ಮೊದಲ ಬಾರಿ ಆಲ್ ಐರ್ಲೆಂಡ್ ಕಿರೀಟ, ಅಂದರೆ ಇಡೀ ದೇಶದ ಕೌಂಟಿ ತಂಡಗಳ ಪೈಪೋಟಿಯ ಸ್ಯಾಮ್ ಮಗ್ವೈರ್ ಕಪ್, ಗೆದ್ದಿತು. ಹತ್ತೊಂಬತ್ತರ ಮಗಿನ್ನಿಸ್ ಆ ಬಳಗದಲ್ಲಿದ್ದರು, ಆದರೆ ಫೈನಲ್‌ನಲ್ಲಿ ಅಂಗಳಕ್ಕಿಳಿಯಲಿಲ್ಲ. ಮುಂದೆ ಹಲವು ವರ್ಷ ಮಿಡ್‌ಫೀಲ್ಡ್‌ನಲ್ಲಿ ಆಡಿದರೂ ಅಲ್ಸ್ಟರ್ ಪ್ರಾಂತ್ಯದ ಕಪ್ ಡೊನಿಗಾಲ್‌ಗೆ ಮತ್ತೆ ಸಿಗಲಿಲ್ಲ. 1992ರ ನಂತರದ ಅಲ್ಸ್ಟರ್ ಗೆಲುವು ಬಂದದ್ದು 2011ರಲ್ಲಿ, ಅವರೇ ಮ್ಯಾನೇಜರ್ ಆದ ಮೊದಲ ಋತುವಿನಲ್ಲಿ. ಪ್ರತಿಭೆಗೆ ಬರವಿಲ್ಲದ ತಂಡವೊಂದು ಹತ್ತಾರು ವರ್ಷ ಏಕೆ ಗೆಲ್ಲುವುದಿಲ್ಲ ಎಂಬುದನ್ನು ಒಳಗಿನಿಂದಲೇ ಕಂಡವರು ಅವರು. ಓದಿದ್ದು ಕ್ರೀಡಾ ಮನಶ್ಶಾಸ್ತ್ರ. ಈ ಎರಡರಿಂದಲೇ ಅವರ ಕೆಲಸ ಹುಟ್ಟಿತು ಎಂಬುದು ನನ್ನ ಎಣಿಕೆ. ಹುಟ್ಟು ಪ್ರತಿಭೆಯ ತಾರೆಯರಿಗೆ ತಮಗೆ ಸಲೀಸಾಗಿ ಬಂದದ್ದನ್ನು ಬಿಡಿಸಿ ಹೇಳುವುದು ಕಷ್ಟ.

ಹಿರಿಯರ ತಂಡಕ್ಕೂ ಮುನ್ನ, 2010ರಲ್ಲಿ, ಅವರು ಡೊನಿಗಾಲ್‌ನ 21ರೊಳಗಿನವರ ತಂಡವನ್ನು ಆಲ್ ಐರ್ಲೆಂಡ್ ಫೈನಲ್‌ಗೆ ಒಯ್ದರು. ಕೊನೆಗಳಿಗೆಯಲ್ಲಿ ಮೈಕೆಲ್ ಮರ್ಫಿ ಹೊಡೆದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿದು ಹೊರಬಿತ್ತು, ಡಬ್ಲಿನ್ ಗೆದ್ದಿತು. ಡಬ್ಲಿನ್ ಕಡೆಯ ಮ್ಯಾನೇಜರ್ ಜಿಮ್ ಗ್ಯಾವಿನ್. ಈ ಹೆಸರು ನೆನಪಿರಲಿ, ಮುಂದೆ ಎರಡು ಸಲ ಬರುತ್ತದೆ.

ಈಗ ಆ ವ್ಯವಸ್ಥೆಗೆ ಬರೋಣ. ಎದುರಾಳಿಯ ಕೈಗೆ ಚೆಂಡು ಹೋದ ಕ್ಷಣ ಡೊನಿಗಾಲ್‌ನ ಹನ್ನೆರಡು, ಹದಿಮೂರು ಜನ ತಮ್ಮ 45 ಮೀಟರ್ ಗೆರೆಯ ಒಳಗೆ ಓಡಿ ಬರುತ್ತಾರೆ. ಮುಂದೆ ಉಳಿಯುವುದು ಒಬ್ಬ, ಕೆಲವೊಮ್ಮೆ ಇಬ್ಬರು. ಗೋಲ್‌ನ ಎದುರು ಯಾರನ್ನೂ ಕಾಯದೆ ಖಾಲಿ ನಿಲ್ಲುವವನು ಸ್ವೀಪರ್, ಅಂದಿನ ತಂಡದಲ್ಲಿ ಮಾರ್ಕ್ ಮಕ್‌ಹ್ಯೂ. ಮೇಲಿಂದ ಬೀಳುವ ಉದ್ದನೆಯ ಚೆಂಡು ಅವನ ಪಾಲು. ಉಳಿದವರು ನಡುವಿನ ದಾರಿ ಮುಚ್ಚಿ ಅಂಚಿನ ದಾರಿಯನ್ನು ಬೇಕೆಂದೇ ತೆರೆದಿಡುತ್ತಾರೆ. ಚೆಂಡು ಹಿಡಿದವನು ಅತ್ತ ತಿರುಗಿದರೆ ಒಂದು ಕಡೆ ಅಂಚುಗೆರೆ, ಮೂರು ಕಡೆ ಮೂವರು.

ಇಲ್ಲಿ ಮುಖ್ಯವಾದದ್ದು ಮೂವರೂ ಮೈಮೇಲೆ ಬೀಳದಿರುವುದು. ಗೇಲಿಕ್‌ನಲ್ಲಿ ಹಿಡಿದೆಳೆದರೆ ಫ್ರೀ ಕಿಕ್. ಚೆಂಡನ್ನು ತೆರೆದ ಅಂಗೈಯಿಂದ ತಟ್ಟಿ ಬೀಳಿಸಬಹುದು, ಭುಜಕ್ಕೆ ಭುಜ ಕೊಡಬಹುದು, ಅಷ್ಟೇ. ಆದ್ದರಿಂದ ಮೊದಲನೆಯವನು ಎದುರು ನಿಂತು ಓಟ ತಡೆಯುತ್ತಾನೆ, ಎರಡನೆಯವನು ಪುಟಿಸಲು ಜಾಗ ಬಿಡುವುದಿಲ್ಲ, ಮೂರನೆಯವನು ಪಾಸಿಗಾಗಿ ತೋಳು ಬೀಸಲು ಬಿಡುವುದಿಲ್ಲ. ನಾಲ್ಕು ಹೆಜ್ಜೆ ಮುಗಿಯುತ್ತದೆ, ರೆಫ್ರಿ ಸೀಟಿ ಊದುತ್ತಾರೆ, ಚೆಂಡು ಡೊನಿಗಾಲ್‌ಗೆ. ಆಗ ಎದುರಾಳಿಯ ಹತ್ತಾರು ಜನ ಈ ಕಡೆಯೇ ಸಿಕ್ಕಿಬಿದ್ದಿರುತ್ತಾರೆ, ಅವರ ಗೋಲ್‌ವರೆಗೆ ನೂರು ಮೀಟರ್ ಬಯಲು. ಫ್ರ್ಯಾಂಕ್ ಮಗ್ಲಿನ್, ಕಾರ್ಲ್ ಲೇಸಿ, ಆ್ಯಂಥನಿ ಥಾಂಪ್ಸನ್‌ರಂಥ ಡಿಫೆಂಡರ್‌ಗಳು ಆ ಬಯಲಿಗೆ ನುಗ್ಗುತ್ತಿದ್ದರು. ಎಲ್ಲರೂ ಹವ್ಯಾಸಿಗಳು, ಹಗಲು ಬೇರೆ ಕೆಲಸಕ್ಕೆ ಹೋಗುವವರು. ಅಂಥವರಿಂದ 70 ನಿಮಿಷ ಹಿಂದಕ್ಕೂ ಮುಂದಕ್ಕೂ ಓಡಿಸಬೇಕಾದರೆ ಮೊದಲು ದೇಹವನ್ನೇ ಹೊಸದಾಗಿ ಕಟ್ಟಬೇಕು. ಮಗಿನ್ನಿಸ್ ಚಳಿಗಾಲವಿಡೀ ಮಾಡಿಸಿದ್ದು ಅದನ್ನೇ. ಒಬ್ಬ ಎರಡು ಸೆಕೆಂಡ್ ತಡವಾಗಿ ಹಿಂದಿರುಗಿದರೂ ಮೂವರ ಬಲೆ ಇಬ್ಬರದಾಗುತ್ತದೆ, ಇಬ್ಬರ ನಡುವಿನಿಂದ ಪಾಸ್ ಹೊರಹೋಗುತ್ತದೆ. ಈ ಪದ್ಧತಿಯನ್ನು ನಕಲು ಮಾಡಿದ ಹಲವು ತಂಡಗಳು ಎಡವಿದ್ದು ಇಲ್ಲೇ: ನಿಲ್ಲುವ ಜಾಗಗಳನ್ನು ಕಲಿತರು, ಓಟವನ್ನು ಕಲಿಯಲಿಲ್ಲ.

2011ರಲ್ಲಿ ಅಲ್ಸ್ಟರ್ ಗೆದ್ದ ತಂಡ ಆಲ್ ಐರ್ಲೆಂಡ್ ಸೆಮಿಫೈನಲ್‌ನಲ್ಲಿ ಡಬ್ಲಿನ್ ಎದುರು ನಿಂತಿತು. ಡಬ್ಲಿನ್ 0-8, ಡೊನಿಗಾಲ್ 0-6. ದೂರು ಹುಟ್ಟಿದ್ದು ಈ ಪಂದ್ಯದಿಂದ. ಮಧ್ಯಂತರದಲ್ಲಿ ಡೊನಿಗಾಲ್ 0-4, 0-2ರಿಂದ ಮುಂದಿತ್ತು. ಉಳಿದ 35 ನಿಮಿಷಗಳಲ್ಲಿ ಅದು ಗಳಿಸಿದ್ದು ಎರಡೇ ಪಾಯಿಂಟ್. ಕಾರಣ ಸರಳ. ಕಸಿದ ಚೆಂಡನ್ನು ಮುಂದೆ ಹಿಡಿದು ನಿಲ್ಲಿಸಿಕೊಳ್ಳಲು ಕಾಲಮ್ ಮಕ್‌ಫ್ಯಾಡನ್ ಒಬ್ಬರೇ ಇದ್ದರು. ಡಬ್ಲಿನ್ ಅವರ ಸುತ್ತ ಇಬ್ಬರು ಮೂವರನ್ನು ಬಿಟ್ಟಿತು. ಹಿಂದಿನಿಂದ ಓಡಿಬಂದ ಡಿಫೆಂಡರ್‌ಗಳು ಅಲ್ಲಿಗೆ ತಲುಪುವಷ್ಟರಲ್ಲಿ ಚೆಂಡು ಮತ್ತೆ ಡಬ್ಲಿನ್ ಕೈಯಲ್ಲಿ. ಅಂದರೆ ಕೋಟೆ ಗಟ್ಟಿಯಾಗಿತ್ತು, ಹೊರಗೆ ದಾಳಿಗೆ ಹೋಗುವ ಬಾಗಿಲೇ ಇರಲಿಲ್ಲ. ಆ ದಿನದ ಆಟ ಚೆನ್ನಾಗಿರಲಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಆ ಡಬ್ಲಿನ್ ತಂಡವೇ ಮುಂದಿನ ಪಂದ್ಯದಲ್ಲಿ ಕೆರಿಯನ್ನು ಸೋಲಿಸಿ ಕಪ್ ಎತ್ತಿತು. ಮಗಿನ್ನಿಸ್ ಮೊದಲ ವರ್ಷದಲ್ಲೇ ಚಾಂಪಿಯನ್‌ರಿಂದ ಎರಡು ಪಾಯಿಂಟ್ ದೂರ ಬಂದಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು.

ಬಾಗಿಲು 2012ರಲ್ಲಿ ತೆರೆಯಿತು. ಮಕ್‌ಫ್ಯಾಡನ್ ಜೊತೆಗೆ ನಾಯಕ ಮೈಕೆಲ್ ಮರ್ಫಿ ಬೇಕಾದಾಗ ಗೋಲ್ ಎದುರಿಗೆ ಬಂದು ನಿಲ್ಲತೊಡಗಿದರು. ಗಾಳಿಯಲ್ಲಿ ಬಂದ ಚೆಂಡನ್ನು ಯಾರ ತಲೆಯ ಮೇಲಿಂದಾದರೂ ಹಿಡಿಯಬಲ್ಲ ದೇಹ ಅವರದು. ಕಸಿದ ತಕ್ಷಣ ಕೈಪಾಸ್‌ಗಳಲ್ಲೇ ಕಾಲ ಕಳೆಯದೆ ಒದ್ದು ಕಳಿಸುವುದೂ ಹೆಚ್ಚಿತು. ಅಲ್ಸ್ಟರ್ ಮತ್ತೆ ಗೆದ್ದು, ಕ್ವಾರ್ಟರ್ ಫೈನಲ್‌ನಲ್ಲಿ ಕೆರಿಯನ್ನು 1-12, 1-10ರಿಂದ, ಸೆಮಿಫೈನಲ್‌ನಲ್ಲಿ ಕಾರ್ಕ್ ತಂಡವನ್ನು 0-16, 1-11ರಿಂದ ಸೋಲಿಸಿದರು. ಸೆಪ್ಟೆಂಬರ್ 23ರ ಫೈನಲ್‌ನಲ್ಲಿ ಎದುರು ಮೇಯೊ. ಮೂರನೆಯ ನಿಮಿಷದಲ್ಲಿ ಲೇಸಿ ಉದ್ದಕ್ಕೆ ಒದ್ದ ಚೆಂಡನ್ನು ಮರ್ಫಿ ಹಿಡಿದು, ತಿರುಗಿ, ಬಲೆಗೆ ಬಾರಿಸಿದರು. ಹನ್ನೊಂದನೆಯ ನಿಮಿಷದಲ್ಲಿ ಮೇಯೊ ಡಿಫೆಂಡರ್‌ನ ಕೈ ಜಾರಿದ ಚೆಂಡು ಮಕ್‌ಫ್ಯಾಡನ್‌ಗೆ ಸಿಕ್ಕಿತು, ಎರಡನೆಯ ಗೋಲ್. ಪಂದ್ಯ ಮುಗಿದಾಗ 2-11, 0-13. ಕೌಂಟಿಯ ಇತಿಹಾಸದಲ್ಲಿ ಎರಡನೆಯ ಕಪ್. ರಕ್ಷಣೆಗೇ ಹೆಸರಾದ ತಂಡ ಫೈನಲ್ ಗೆದ್ದದ್ದು ಮೊದಲ ಹನ್ನೊಂದು ನಿಮಿಷದಲ್ಲಿ ಹೊಡೆದ ಎರಡು ಗೋಲ್‌ಗಳಿಂದ. ಟೀಕಿಸುವವರು ಈ ಪಂದ್ಯವನ್ನು ಇನ್ನೊಮ್ಮೆ ನೋಡಬೇಕು.

ಆಟದ ಹಲಗೆಯ ಮೇಲೆ ಕಾಣದ ಸಂಗತಿಯೂ ಒಂದಿದೆ. ಕೆವಿನ್ ಕ್ಯಾಸಿಡಿ 2011ರಲ್ಲಿ ತಂಡದ ಅತ್ಯುತ್ತಮರಲ್ಲಿ ಒಬ್ಬರು, ವರ್ಷದ ಅತ್ಯುತ್ತಮ ಆಟಗಾರರಿಗೆ ಕೊಡುವ ಆಲ್ ಸ್ಟಾರ್ ಗೌರವವನ್ನು ಆಗ ಪಡೆದವರು. ಕಿಲ್ಡೇರ್ ಎದುರಿನ ಕ್ವಾರ್ಟರ್ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಗೆಲುವಿನ ಪಾಯಿಂಟ್ ಹೊಡೆದವರೂ ಅವರೇ. ತಂಡದ ಒಳಗಿನ ಮಾತುಗಳು ಅವರ ಮೂಲಕ ಒಂದು ಪುಸ್ತಕಕ್ಕೆ ಹೋದವು ಎಂಬ ಕಾರಣಕ್ಕೆ ಮಗಿನ್ನಿಸ್ ಅವರನ್ನು ಬಳಗದಿಂದ ಹೊರಗಿಟ್ಟರು. ಮರುವರ್ಷ ಕಪ್ ಬಂದಾಗ ಕ್ಯಾಸಿಡಿ ತಂಡದಲ್ಲಿರಲಿಲ್ಲ. ಇದು ಕಠೋರ ನಿರ್ಧಾರ, ಅದರ ನೋವು ಸಣ್ಣದಲ್ಲ. ಆದರೆ ಹದಿನೈದೂ ಜನ ಒಬ್ಬರಿಗೊಬ್ಬರು ಕಣ್ಣುಮುಚ್ಚಿ ಆತುಕೊಳ್ಳಬೇಕಾದ ವ್ಯವಸ್ಥೆಯಲ್ಲಿ ಗುಟ್ಟು ಒಡೆದರೆ ಎದುರಾಳಿಗೆ ನಕ್ಷೆಯನ್ನೇ ಕೊಟ್ಟಂತೆ ಎಂಬ ಅವರ ಲೆಕ್ಕವೂ ಸುಳ್ಳಲ್ಲ.

2013 ಕುಸಿತದ ವರ್ಷ. ಅಲ್ಸ್ಟರ್ ಫೈನಲ್‌ನಲ್ಲಿ ಮೊನಹನ್ ಎದುರು 0-13, 0-7ರಿಂದ ಸೋತರು. ಅದೇ ಪಂದ್ಯದಲ್ಲಿ ಡಿಕ್ಕಿಯಾಗಿ ಸ್ವೀಪರ್ ಮಕ್‌ಹ್ಯೂ ಗಾಯಗೊಂಡರು. ನಂತರ ಕ್ವಾರ್ಟರ್ ಫೈನಲ್‌ನಲ್ಲಿ ಮೇಯೊ 4-17, 1-10ರಿಂದ, ಅಂದರೆ ಹದಿನಾರು ಪಾಯಿಂಟ್‌ಗಳ ಅಂತರದಿಂದ, ಸೇಡು ತೀರಿಸಿಕೊಂಡಿತು. ಓಟವನ್ನೇ ನೆಚ್ಚಿದ ವ್ಯವಸ್ಥೆಯಲ್ಲಿ ಕಾಲು ಸೋತರೆ ಏನಾಗುತ್ತದೆ ಎಂಬುದಕ್ಕೆ ಈ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ: ಬಲೆಗೆ ಮೂರನೆಯವನು ಬರುವುದೇ ಇಲ್ಲ, ಸ್ವೀಪರ್ ಇಲ್ಲದ ಗೋಲ್‌ನ ಎದುರು ಬಾಗಿಲು ತೆರೆದೇ ಇರುತ್ತದೆ.

ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ 2012ರದ್ದಲ್ಲ, 2014ರ ಆಗಸ್ಟ್ 31ರದ್ದು. ಮತ್ತೆ ಸೆಮಿಫೈನಲ್, ಮತ್ತೆ ಡಬ್ಲಿನ್, ಈ ಸಲ ಎದುರು ಜಿಮ್ ಗ್ಯಾವಿನ್. ಹಾಲಿ ಚಾಂಪಿಯನ್ ಡಬ್ಲಿನ್ ಆಗ ಎಲ್ಲರನ್ನೂ ಮುಂದಕ್ಕೆ ಒತ್ತಿ ಆಡುತ್ತಿತ್ತು. ಅವರ ಹಾಫ್‌ಬ್ಯಾಕ್‌ಗಳೂ, ಅಂದರೆ ರಕ್ಷಣೆಯ ಮುಂದಿನ ಸಾಲಿನವರೂ, ಎದುರಾಳಿಯ ಅರ್ಧಕ್ಕೆ ಬರುತ್ತಿದ್ದರು. ಮೊದಲ ಭಾಗದಲ್ಲಿ ಡಬ್ಲಿನ್ ದೂರದಿಂದ ಪಾಯಿಂಟ್ ಮೇಲೆ ಪಾಯಿಂಟ್ ಹೊಡೆದು ಐದು ಮುಂದೆ ಹೋಯಿತು. ಡೊನಿಗಾಲ್ ಯೋಜನೆ ಬದಲಿಸಲಿಲ್ಲ. ಗೋಲ್‌ಕೀಪರ್ ಪಾಲ್ ಡರ್ಕನ್ ಕಿಕ್‌ಔಟ್‌ಗಳನ್ನು, ಅಂದರೆ ಆಟ ಮತ್ತೆ ಶುರುಮಾಡಲು ಗೋಲ್ ಎದುರಿನಿಂದ ಒದೆಯುವ ಚೆಂಡನ್ನು, ಡಬ್ಲಿನ್‌ನ ಮೊದಲ ಸಾಲಿನ ಮೇಲಿಂದ ಉದ್ದಕ್ಕೆ ಒದ್ದರು, ನಡುವಿನಲ್ಲಿ ನೀಲ್ ಗ್ಯಾಲಹರ್ ಅವುಗಳಿಗೆ ಎಗರಿದರು, ಕೆಳಗೆ ಬಿದ್ದ ಚೆಂಡಿಗೆ ಓಟಗಾರರು ಮೊದಲೇ ಹೊರಟಿರುತ್ತಿದ್ದರು. ಎಲ್ಲರೂ ಮುಂದೆ ಬಂದಿದ್ದ ಡಬ್ಲಿನ್‌ನ ಹಿಂದೆ ಉಳಿದದ್ದು ಬರೀ ಹುಲ್ಲು. ರಯನ್ ಮಕ್‌ಹ್ಯೂ ಎರಡು ಗೋಲ್, ಮಕ್‌ಫ್ಯಾಡನ್ ಒಂದು. ಡೊನಿಗಾಲ್ 3-14, ಡಬ್ಲಿನ್ 0-17. ಇದಾದ ಮೇಲೆ ಗ್ಯಾವಿನ್ ತಮ್ಮ ಗೋಲ್‌ನ ಎದುರು ಕಿಯನ್ ಓ'ಸಲಿವನ್‌ರನ್ನು ಕಾವಲಿಗೆ ನಿಲ್ಲಿಸಿದರು. ಡಬ್ಲಿನ್ 2015ರಿಂದ 2020ರವರೆಗೆ ಸತತ ಆರು ಕಪ್ ಗೆದ್ದಿತು, ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ ಸೋಲು ಕಂಡದ್ದು 2021ರಲ್ಲಿ. ಆ ಆರು ಕಪ್‌ಗಳ ಪಾಠ ಶುರುವಾದದ್ದು ಮಗಿನ್ನಿಸ್ ಕೊಟ್ಟ ಆ ಏಟಿನಿಂದ.

ಮೂರು ವಾರದ ನಂತರದ ಫೈನಲ್‌ನಲ್ಲಿ ಕೆರಿಯ ಮ್ಯಾನೇಜರ್ ಏಮನ್ ಫಿಟ್ಸ್‌ಮಾರಿಸ್ ಡಬ್ಲಿನ್‌ನಂತೆ ಮುಂದೆ ಬರಲೇ ಇಲ್ಲ. ಅವರೂ ಹಿಂದೆ ಗುಂಪಾಗಿ ನಿಂತರು. ನುಗ್ಗಲು ಬಯಲೇ ಇಲ್ಲದಾಗ ಡೊನಿಗಾಲ್ ಪಾಸ್ ಮಾಡುತ್ತಾ ಸುತ್ತತೊಡಗಿತು. ಮೊದಲ ನಿಮಿಷದಲ್ಲೇ ಎತ್ತರದ ಚೆಂಡೊಂದರಿಂದ ಕೆರಿಯ ಪಾಲ್ ಗೀನಿ ಗೋಲ್ ಹೊಡೆದಿದ್ದರು. ಎರಡನೆಯ ಗೋಲ್ ಇನ್ನೂ ನೋವಿನದು: ಡರ್ಕನ್ ಹತ್ತಿರದವನಿಗೆ ಕೊಡಲು ಹೋದ ಗಿಡ್ಡ ಕಿಕ್‌ಔಟ್ ನೇರವಾಗಿ ಕೆರಿಯ ಕೀರನ್ ಡೋನಹೀ ಕೈಸೇರಿತು, ಅವರು ಖಾಲಿ ಗೋಲ್‌ಗೆ ಒದ್ದರು. ಗಿಡ್ಡ ಕಿಕ್‌ಔಟ್‌ನ ಅಪಾಯವೇ ಇದು. ಹತ್ತು ಸಲ ಚೆಂಡನ್ನು ನಿಮ್ಮ ಬಳಿಯೇ ಉಳಿಸುತ್ತದೆ, ಹನ್ನೊಂದನೆಯ ಸಲ ಮೂರು ಪಾಯಿಂಟ್ ಕಸಿಯುತ್ತದೆ. ಕೊನೆಯ ಕ್ಷಣದಲ್ಲಿ ಡೊನಿಗಾಲ್ ಸಮ ಮಾಡಬಹುದಾಗಿದ್ದ ಚೆಂಡು ಕಂಬಕ್ಕೆ ಬಡಿಯಿತು. ಕೆರಿ 2-9, ಡೊನಿಗಾಲ್ 0-12. ಆ ಅಕ್ಟೋಬರ್‌ನಲ್ಲಿ ಮಗಿನ್ನಿಸ್ ಹುದ್ದೆ ಬಿಟ್ಟರು.

ನಡುವಿನ ವರ್ಷಗಳು ಸಾಕರ್‌ನಲ್ಲಿ ಕಳೆದವು. ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ 2012ರಿಂದಲೇ ಅವರನ್ನು ಸಲಹೆಗಾರರನ್ನಾಗಿ ಇಟ್ಟುಕೊಂಡಿತ್ತು. ಬಳಿಕ ಚೀನಾದ ಬೀಜಿಂಗ್ ಗುವೋಆನ್ ಕ್ಲಬ್‌ನಲ್ಲಿ ಕೋಚ್ ರೋಜರ್ ಶ್ಮಿಟ್‌ಗೆ ಸಹಾಯಕರಾದರು, 2019ರಲ್ಲಿ ಅಮೆರಿಕದ ಶಾರ್ಲಟ್ ಇಂಡಿಪೆಂಡೆನ್ಸ್ ತಂಡದ ಮುಖ್ಯ ಕೋಚ್ ಆಗಿ ಅರ್ಧ ಋತುವಿನಲ್ಲೇ ಹೊರಬಂದರು. ಸಾಕರ್‌ನಲ್ಲಿ ಡೊನಿಗಾಲ್‌ನಷ್ಟು ದೊಡ್ಡ ಗೆಲುವು ಬರಲಿಲ್ಲ. ಅಲ್ಲಿಯ ಆಟಗಾರ ಸಂಬಳಕ್ಕೆ ಆಡುತ್ತಾನೆ, ನಾಳೆ ಬೇರೆ ಕ್ಲಬ್‌ಗೆ ಹೋಗುತ್ತಾನೆ. ತನ್ನ ಹುಟ್ಟೂರಿನ ಅಂಗಿ ತೊಟ್ಟ ಹವ್ಯಾಸಿಯಿಂದ ಪಡೆಯಬಹುದಾದ ನಿಷ್ಠೆಯನ್ನು ಅವನಿಂದ ಕೇಳುವುದು ಕಷ್ಟ. ಮಗಿನ್ನಿಸ್ ಪದ್ಧತಿ ನಿಂತಿರುವುದೇ ಆ ನಿಷ್ಠೆಯ ಮೇಲೆ.

2023ರ ಆಗಸ್ಟ್‌ನಲ್ಲಿ ಅವರು ಮರಳಿದಾಗ ಡೊನಿಗಾಲ್ ಲೀಗ್‌ನ ಎರಡನೆಯ ದರ್ಜೆಗೆ ಇಳಿದಿತ್ತು. 2024ರ ಏಪ್ರಿಲ್‌ನಲ್ಲಿ ಅಲ್ಸ್ಟರ್ ಚಾಂಪಿಯನ್ ಡೆರಿಯನ್ನು ಅದರದೇ ಊರಿನಲ್ಲಿ 4-11, 0-17ರಿಂದ ಸೋಲಿಸಿದರು. ಆ ಹೊತ್ತಿಗೆ ಗೋಲ್‌ಕೀಪರ್‌ಗಳೂ ಮುಂದೆ ಬಂದು ದಾಳಿಗೆ ಸೇರುವ ರೂಢಿ ಬೆಳೆದಿತ್ತು, ಡೆರಿಯದ್ದೂ ಹಾಗೇ. ಡೊನಿಗಾಲ್ ಗೋಲ್‌ಕೀಪರ್ ಶಾನ್ ಪ್ಯಾಟನ್ ಒದ್ದ ಉದ್ದನೆಯ ಕಿಕ್‌ಔಟ್‌ಗಳು ಆ ಮುಂಚೂಣಿಯ ಮೇಲಿಂದ ಹಾದುಹೋದವು, ಡೆರಿಯ ಗೋಲ್‌ನಲ್ಲಿ ಯಾರೂ ಇರಲಿಲ್ಲ. 2014ರ ಲೆಕ್ಕವೇ, ಹತ್ತು ವರ್ಷದ ನಂತರ, ಇನ್ನೊಂದು ಖಾಲಿ ಜಾಗದ ಮೇಲೆ. ಆ ವರ್ಷ ಆರ್ಮಾ ಎದುರು ಪೆನಾಲ್ಟಿಗಳಲ್ಲಿ ಅಲ್ಸ್ಟರ್ ಕಪ್ ಬಂತು. ಆಲ್ ಐರ್ಲೆಂಡ್ ಸೆಮಿಫೈನಲ್‌ನಲ್ಲಿ ಗಾಲ್ವೇ 1-14, 0-15ರಿಂದ ತಡೆಯಿತು.

ಆಮೇಲೆ ನೆಲವೇ ಬದಲಾಯಿತು. ಎಲ್ಲರೂ ಹಿಂದೆ ಗುಂಪುಗೂಡಿ ಆಟ ಬಿಗಿದುಹೋಯಿತೆಂದು ನಿಯಮ ತಿದ್ದಲು ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಅದೇ ಜಿಮ್ ಗ್ಯಾವಿನ್. 2025ರಿಂದ ಪ್ರತಿ ತಂಡ ಎದುರಾಳಿಯ ಅರ್ಧದಲ್ಲಿ ಸದಾ ಮೂವರನ್ನಾದರೂ ಬಿಟ್ಟಿರಬೇಕು. ಹಾಗಾಗಿ ರಕ್ಷಣೆಗೆ ಗೋಲ್‌ಕೀಪರ್ ಸೇರಿ ಹನ್ನೆರಡೇ ಜನ. ಗೋಲ್‌ನಿಂದ 40 ಮೀಟರ್‌ನ ಕಮಾನುಗೆರೆಯ ಆಚೆಯಿಂದ ಹೊಡೆದರೆ ಎರಡು ಪಾಯಿಂಟ್. ಕಿಕ್‌ಔಟ್ ಆ ಗೆರೆ ದಾಟಲೇಬೇಕು. ಮಗಿನ್ನಿಸ್ ಕೋಟೆ ಇದರಿಂದ ಬೀಳುತ್ತದೆ ಎಂದು ಹಲವರು ಎಣಿಸಿದ್ದರು. ಬೀಳಲಿಲ್ಲ. ಆಟದಿಂದ ನಿವೃತ್ತರಾಗಿದ್ದ ಮರ್ಫಿ ಮರಳಿದರು, ಹೆಚ್ಚುವರಿ ಸಮಯದಲ್ಲಿ ಆರ್ಮಾವನ್ನು 2-23, 0-28ರಿಂದ, ಒಂದೇ ಪಾಯಿಂಟ್‌ನಲ್ಲಿ, ಸೋಲಿಸಿ ಅಲ್ಸ್ಟರ್ ಉಳಿಸಿಕೊಂಡರು. 2025ರವರೆಗೆ ಅವರು ಹಿರಿಯರ ತಂಡ ನಡೆಸಿದ ಆರು ಋತುಗಳಲ್ಲಿ ಇದು ಐದನೆಯ ಅಲ್ಸ್ಟರ್. ಸೆಮಿಫೈನಲ್‌ನಲ್ಲಿ ಮೀಥ್ ಎದುರು ಗಳಿಸಿದ್ದು 3-26.

ಜುಲೈ 27ರ ಫೈನಲ್‌ನಲ್ಲಿ ಮಾತ್ರ ಹೊಸ ನಿಯಮದ ಕಿಂಡಿ ಕೆರಿಗೆ ಸಿಕ್ಕಿತು. ಡೊನಿಗಾಲ್ ಹಳೆಯ ಅಭ್ಯಾಸದಂತೆ ಗೋಲ್‌ನ ಸಮೀಪ ಜಾಗ ಕಾದು ನಿಂತಿತು, ಕಮಾನಿನ ಆಚೆ ಚೆಂಡು ಹಿಡಿದವನ ಮೇಲೆ ಒತ್ತಡ ಬೀಳಲಿಲ್ಲ. ಹಿಂದೆ ಅಲ್ಲಿಂದ ಹೊಡೆಯಲು ಬಿಟ್ಟರೆ ನಷ್ಟ ಒಂದು ಪಾಯಿಂಟ್, ಅದೂ ಗುರಿ ತಪ್ಪುವ ಸಾಧ್ಯತೆಯೇ ಹೆಚ್ಚು. ಈಗ ಅದೇ ಹೊಡೆತಕ್ಕೆ ಎರಡು, ಎದುರಿಗೆ ಕೆರಿಯ ಫಾರ್ವರ್ಡ್ ಡೇವಿಡ್ ಕ್ಲಿಫರ್ಡ್. ಮೊದಲರ್ಧದ ಕೊನೆಯಲ್ಲಿ ಅವರು ಹಾಗೊಂದು ಹೊಡೆದಾಗ ಕೆರಿ 0-17, 0-10ರಿಂದ ಮುಂದಿತ್ತು. ಕೊನೆಗೆ 1-26, 0-19. ಒಂದು ಕಾಲದ ಸರಿಯಾದ ಲೆಕ್ಕ ಇನ್ನೊಂದು ಕಾಲದಲ್ಲಿ ತಪ್ಪಾದದ್ದು ಹೀಗೆ. ಅಲ್ಲಿ ಮುಂಚೆಯೇ ಮುಂದಕ್ಕೆ ಬಂದು ಒತ್ತಬೇಕಿತ್ತು ಎಂಬುದೇ ನನ್ನ ತೀರ್ಮಾನ.

ಈಗ ನಿಮ್ಮ ಮಗನ ತಂಡ. ಇದನ್ನು ಅನುಸರಿಸುವುದು ಬೇಡ. ಹನ್ನೆರಡರೊಳಗಿನ ಮಕ್ಕಳು ಆಡುವುದು ಗೋ ಗೇಮ್ಸ್ ಎಂಬ ಪದ್ಧತಿಯಲ್ಲಿ: ತಂಡದಲ್ಲಿ ಹದಿನೈದಕ್ಕಿಂತ ಕಡಿಮೆ ಜನ, ಚಿಕ್ಕ ಅಂಗಳ, ಕಪ್‌ಗಾಗಿ ಪೈಪೋಟಿ ಇಲ್ಲ, ಎಲ್ಲರಿಗೂ ಆಡುವ ಅವಕಾಶ. ಅಲ್ಲಿ ಎಲ್ಲರನ್ನೂ ಹಿಂದೆ ನಿಲ್ಲಿಸಿದರೆ ಗೆಲ್ಲಬಹುದೇನೋ, ಆದರೆ ಚೆಂಡು ಹಿಡಿದು ಎದುರಾಳಿಯನ್ನು ದಾಟುವುದನ್ನು ಕಲಿಯಬೇಕಾದ ವಯಸ್ಸು ಸುಮ್ಮನೆ ಕಳೆದುಹೋಗುತ್ತದೆ. ಮಗಿನ್ನಿಸ್ ತಂಡದಿಂದ ಅವನು ಈಗಲೇ ಎತ್ತಿಕೊಳ್ಳಬಹುದಾದದ್ದು ಎರಡು. ಒಂದು, ಹತ್ತಿರದ ಕೈಯಿಂದ ತಟ್ಟುವುದು: ಎದುರಾಳಿಯ ಪಕ್ಕದಲ್ಲಿ ಓಡುತ್ತಾ, ಅವನು ಚೆಂಡನ್ನು ಪುಟಿಸಲು ಕೈ ಬಿಡುವ ಕ್ಷಣಕ್ಕೆ ಕಾದು, ಅವನಿಗೆ ಸಮೀಪದ ಕೈಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟಬೇಕು. ದೂರದ ಕೈ ಚಾಚಿದರೆ ಮೈ ಅಡ್ಡ ಬಂದು ಫೌಲ್ ಆಗುತ್ತದೆ. ಇನ್ನೊಂದು, ಎರಡೂ ಕಾಲಿನಿಂದ ಸೋಲೋ. ಬಲಗಾಲೊಂದನ್ನೇ ನೆಚ್ಚಿದವನನ್ನು ಅಂಚುಗೆರೆಗೆ ತಳ್ಳುವುದು ಸುಲಭ, ಏಕೆಂದರೆ ಅವನು ಯಾವ ಕಡೆ ತಿರುಗುತ್ತಾನೆಂಬುದು ಮೊದಲೇ ಗೊತ್ತಿರುತ್ತದೆ. ಮನೆಯ ಹಿಂದೆ ದಿನಕ್ಕೆ ಹತ್ತು ನಿಮಿಷ ಎಡಗಾಲಿನಲ್ಲೇ ಆಡಿಸಿ. ಮೊದಲ ಕೆಲವು ವಾರ ಚೆಂಡು ಬೇಲಿಯಾಚೆಗೇ ಹೋಗುತ್ತದೆ. ಕಾಲ್ಬೆರಳನ್ನು ತುಸು ಮೇಲಕ್ಕೆ ಎತ್ತಿ, ಚೆಂಡನ್ನು ಸೊಂಟದ ಎತ್ತರದಿಂದ ಅದೇ ಬದಿಯ ಕೈಯಿಂದಲೇ ಬಿಡಲು ಹೇಳಿ, ಅದು ತಿರುಗಿ ಕೈಗೇ ಬರುತ್ತದೆ.